ಅಕ್ಕನ ಪಾಲಿಗೆ ಬಂದ ಫೇಲ್ ಬೋರು

ಬೋರಿನೊಳಗೆ ಇಳಿಬಿಟ್ಟ ಮೋಟರು ಕೆಟ್ಟರೆ ಅದನ್ನು ಮೇಲೆತ್ತುವುದು ನನ್ನ ಕೆಲಸ. ಮೂರು ಕಬ್ಬಿಣದ ಕಂಬ ನಿಲ್ಲಿಸಿ, ತುದಿಗೆ ಚೈನ್ ಪುಲ್ಲಿ ಕಟ್ಟಿ, ಪೈಪುಗಳನ್ನು ಒಂದೊಂದೇ ಬಿಚ್ಚುತ್ತ ಎಳೆಯುತ್ತೇವೆ. ಯಲಬುರ್ಗಾ, ಕುಷ್ಟಗಿ, ಇತ್ತ ಅಳವಂಡಿಯವರೆಗೆ ನಾನು ಮೋಟರು ಎತ್ತದ ಊರು ಕಡಿಮೆ. ಗಂಗಾವತಿ ಕಡೆ ಮಾತ್ರ ನಮ್ಮನ್ನು ಕರೆಯುವವರಿಲ್ಲ. ಒಮ್ಮೆ ಸಿದ್ದಾಪುರದ ಮೇಲೆ ಹಾಯ್ದು ಹೋಗುವಾಗ ಒಬ್ಬ ಭತ್ತದ ಗದ್ದೆಯವನು ಗಾಡಿಯಲ್ಲಿದ್ದ ನನ್ನ ಕಂಬಗಳನ್ನು ನೋಡಿ, "ಏನಪಾ, ಯಾರ ಮನಿ ಹಂದರಕ್ಕ ಹೊಂಟೀರಿ?" ಎಂದು ಕೇಳಿದ್ದ. ಕಾಲುವೆ ನೀರು ಉಣ್ಣುವವರಿಗೆ ನಮ್ಮ ಕಂಬ ಮದುವೆ ಹಂದರದ ಗಳುವಿನಂತೆ ಕಂಡಿತ್ತು.

ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಬರೆದು ರೂಢಿಯಿಲ್ಲ. ಆದರೆ ಬಾಯಿಂದ ಹೇಳಲು ಹೋದಾಗಲೆಲ್ಲ ನನ್ನ ಬಾಯಿ ಬೇರೆಯದನ್ನೇ ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸದಲ್ಲಿ ಇನ್ನೊಂದು ಭಾಗವಿದೆ. ನೀರು ಬೀಳದ ಬೋರಿನಿಂದ ಕೇಸಿಂಗ್ ಕೀಳುವುದು. ಕೇಸಿಂಗ್ ಎಂದರೆ ಮೇಲಿನ ಮಣ್ಣು ಒಳಗೆ ಕುಸಿಯದ ಹಾಗೆ, ಬೋರಿನ ಬಾಯಿಯಿಂದ ಬಂಡೆ ಸಿಗುವ ತನಕ ಇಳಿಸುವ ಕಬ್ಬಿಣದ ಕೊಳವೆ. ನೀರಿಲ್ಲದ ಬೋರಿಗೆ ಅದು ಯಾಕೆ ಎಂದು ಕಿತ್ತು ಮುಂದಿನ ಬೋರಿಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ತೂತಿಗೆ ಜಾಲಿ ಕಂಟಿ ತುರುಕಿ, ಮೇಲೆ ಒಂದು ಹಾಸುಗಲ್ಲು ಎಳೆದು, ಮಣ್ಣು ಮುಚ್ಚಿ, ಮುಂದಿನ ಮಳೆಗೆ ಅದರ ಮೇಲೆಯೇ ಕುಂಟೆ ಹೊಡೆಯುತ್ತಾರೆ.

ಫೇಲಾದ ಬೋರಿನ ಸುದ್ದಿಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಮೂರ್ಛೆರೋಗವಿದ್ದರೆ ಹೇಗೆ ಮುಚ್ಚಿಡುತ್ತಾರೋ ಹಾಗೆ ಮುಚ್ಚಿಡುತ್ತಾರೆ. ಹೆಣ್ಣು ಕೊಡಲು ಬಂದವರು, ಹೊಲ ಲಾವಣಿಗೆ, ಎಂದರೆ ಗುತ್ತಿಗೆಗೆ, ಕೇಳಲು ಬಂದವರು, ಎಷ್ಟು ಬೋರು ಹಾಕಿಸಿದ್ದೀರಿ ಎಂದು ಕೇಳಿದರೆ ನೀರು ಬಿದ್ದವನ್ನಷ್ಟೇ ಲೆಕ್ಕ ಹೇಳುವುದು ರೂಢಿ. ಹೊಲಕ್ಕೆ ಕೆಟ್ಟ ಹೆಸರು ಬರಬಾರದು. ಕೇಸಿಂಗ್ ಕೀಳುವವನ ಬಾಯಿಯೂ ಬಿಗಿಯಾಗಿರಬೇಕು, ಇಲ್ಲದಿದ್ದರೆ ಮುಂದಿನ ಸಲ ಕರೆಯುವುದಿಲ್ಲ. ನನ್ನ ಬಾಯಿ ಬಿಗಿಯೆಂದು ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಜೀಪಿನಲ್ಲಿ ಒಂದು ತಂಡ ಬಂತು. ಅವರಲ್ಲಿ ಒಬ್ಬ ಮೇಡಮ್ ಇದ್ದರು. ಮೈಸೂರು ಕಡೆಯ ಮಾತು, ಸಣ್ಣ ವಯಸ್ಸು, ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಿಗೆ ಅಂಜದೆ ನಡೆಯುವವರು. ಶಾಲೆಯ ಅಂಗಳದಲ್ಲಿ ಊರವರನ್ನು ಕೂಡಿಸಿ ಅವರು ತಿಳಿಸಿ ಹೇಳಿದರು. ಕಾರ್ಖಾನೆಗಳ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಂಬ ಗ್ಯಾಸ್ ಇರುತ್ತದೆ. ಅದು ಮೇಲೆ ಹೋದಷ್ಟೂ ಜಗತ್ತಿನ ಕಾವು ಏರುತ್ತದೆ. ಅದನ್ನು ಮೇಲೆ ಬಿಡುವ ಬದಲು ಹಿಡಿದು, ಒತ್ತಿ, ನೆಲದ ಬಹಳ ಆಳಕ್ಕೆ ತುಂಬಿ ಇಡಬಹುದೇ ಎಂದು ಹಲವು ಕಡೆ ಯೋಚನೆ ನಡೆದಿದೆ. ಇಲ್ಲಿಯ ಬಂಡೆ ಅದಕ್ಕೆ ಒಗ್ಗುತ್ತದೋ ಇಲ್ಲವೋ, ತುಂಬಿದರೆ ಏನೇನು ಅಪಾಯ ಎಂದು ಅಳೆಯುವುದಷ್ಟೇ ತಮ್ಮ ಕೆಲಸ ಎಂದರು.

ಒಬ್ಬ ಹಿರಿಯ ಕೇಳಿದ, "ಬಾಯಾರ, ಈ ಗ್ಯಾಸ್ ಅಂದ್ರ ಸೋಡಾದಾಗ ಬುಸ್ ಅಂತತೆಲ್ಲ, ಅದೇನ್ರಿ?"

"ಹೌದು ಅಜ್ಜ, ಅದೇ. ಸ್ವಲ್ಪ ಇದ್ದರೆ ಏನೂ ಆಗಲ್ಲ. ತಗ್ಗಿನಲ್ಲಿ ತುಂಬಿ ನಿಂತರೆ ಕಷ್ಟ. ಗಾಳಿಗಿಂತ ಭಾರ ಅದು. ವಾಸನೆ ಇರಲ್ಲ."

"ಹಂಗಾರ ಅದು ನಮಗ ಗೊತ್ತಿದ್ದದ್ದ ಬಿಡ್ರಿ. ಹಗೇವಿನ ಉಸಿರು. ಮೊದಲ ನೆಲದಾಗ ಜ್ವಾಳ ತುಂಬಿಟ್ಟ ಹಗೇವು ತಗದ್ರ ಕಂದೀಲು ಇಳಿಬಿಟ್ಟು ನೋಡತಿದ್ವಿ. ದೀಪ ಆರಿತಂದ್ರ ಮನಿಶ್ಯಾ ಇಳೀಬಾರದು. ಇಳಿದವ ಮ್ಯಾಲ ಬರತಿರಲಿಲ್ಲ."

ಆಗ ಹೆಂಗಸರ ಸಾಲಿನಿಂದ ನಮ್ಮ ಅಕ್ಕ ಎದ್ದು ನಿಂತಳು. ಅಕ್ಕ ನನಗಿಂತ ದೊಡ್ಡವಳು, ನನ್ನನ್ನು ಟೊಂಕದ ಮೇಲೆ ಎತ್ತಿ ಆಡಿಸಿದವಳು. ಭಾವ ಕೊಪ್ಪಳದ ಹತ್ತಿರ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನ ಅಂಗಿಯ ಕರಿಯನ್ನು ಒಗೆದು ಒಗೆದು ಅಕ್ಕನಿಗೆ ಹೊಗೆಯ ಮೇಲೆ ಮೊದಲೇ ಸಿಟ್ಟು.

"ಹೊಗಿ ಕಾರ್ಖಾನಿದು, ಹೊಟ್ಟಿ ನಮ್ಮ ನೆಲದ್ದೇನ್ರಿ? ಉಂಡಾಂವ ಒಬ್ಬ, ಜೀರ್ಣ ಮಾಡ್ಕೊಳ್ಳಾಂವ ಇನ್ನೊಬ್ಬ? ಒಳಗ ಹೋಗಿದ್ದು ತಿರುಗಿ ಬರೂದಿಲ್ಲ ಅಂತ ಯಾರು ಹೇಳತಾರ?"

ಎಲ್ಲರೂ ನಕ್ಕರು. ಮೇಡಮ್ ನಗಲಿಲ್ಲ. "ಅಮ್ಮ, ನಾವು ಉತ್ತರ ಹುಡುಕೋಕೆ ಬಂದಿರೋ ಪ್ರಶ್ನೆಯೇ ಅದು," ಎಂದರು. ತುಂಬುವ ಜಾಗ ನಮ್ಮ ಬೋರುಗಳಿಗಿಂತ ಎಷ್ಟೋ ಕೆಳಗೆ. ಆದರೆ ಬಂಡೆಯ ಬಿರುಕು ಹಿಡಿದು ಗ್ಯಾಸ್ ಮೇಲಕ್ಕೆ ತೆವಳಿದರೆ, ಕೊನೆಗೆ ಅದಕ್ಕೆ ಸಲೀಸಾಗಿ ಸಿಗುವ ದಾರಿ ಹಳೆಯ ಬೋರುಗಳೇ. ಕುಡಿಯುವ ನೀರಿಗೆ ಸೇರಿದರೆ ನೀರು ಹುಳಿಯಾಗುತ್ತದೆ, ಬಂಡೆಯೊಳಗಿನ ಬೇಡದ್ದನ್ನೆಲ್ಲ ಕರಗಿಸಿ ತರುತ್ತದೆ. ಅದಕ್ಕೇ ಊರಿನ ಬೋರುಗಳನ್ನೆಲ್ಲ, ನೀರಿದ್ದವು, ಇಲ್ಲದವು, ಮುಚ್ಚಿದವು ಎಲ್ಲವನ್ನೂ ತೋರಿಸಬೇಕು. ಪ್ರತಿಯೊಂದರ ಬಾಯಲ್ಲಿ ಈಗ ಯಾವ ಗ್ಯಾಸ್ ಎಷ್ಟಿದೆ ಎಂದು ಅಳೆದು ಇಡುತ್ತೇವೆ, ಮುಂದೆ ಹೆಚ್ಚಾದರೆ ಗೊತ್ತಾಗಲಿ ಎಂದು. ಹೀಗೆ ಹೇಳಿ ಅವರು, "ಇಲ್ಲಿ ಎಲ್ಲಾ ಬೋರು ಗೊತ್ತಿರೋರು ಯಾರಿದ್ದಾರೆ?" ಎಂದು ಕೇಳಿದರು.

ಊರೆಲ್ಲ ನನ್ನ ಕಡೆ ತಿರುಗಿತು. ಅಕ್ಕನೇ ಕೈ ಮಾಡಿ ತೋರಿಸಿದಳು. "ನಮ್ಮ ತಮ್ಮಗ ಗೊತ್ತು. ನೆಲದಾಗಿನ ಹೊಟ್ಟಿ-ಕರುಳು ಅಂವಗ ಗೊತ್ತು."

ಹಾಗೆ ನಾನು ಆ ತಂಡಕ್ಕೆ ದಾರಿ ತೋರಿಸುವವನಾದೆ.

ಇಲ್ಲಿ ಅಕ್ಕನ ಹೊಲದ ಮಾತು ಹೇಳಲೇಬೇಕು. ಅಪ್ಪ ತೀರಿಕೊಂಡ ಮೇಲೆ ಅವ್ವ ಹಟ ಹಿಡಿದಿದ್ದಳು: "ಆಕಿಗೂ ಒಂದು ತುಂಡು ಕೊಡು, ಗಂಡನ ಕಡೆ ಆಕಿಗೆ ಏನೂ ಇಲ್ಲ." ನಮ್ಮ ಕಡೆ ಹೆಣ್ಣುಮಕ್ಕಳು ಪಾಲು ಕೇಳುವುದಿಲ್ಲ. ಅಕ್ಕನೂ ಕೇಳಿರಲಿಲ್ಲ. ಅವ್ವನ ಮಾತು ಮೀರಲಾಗದೆ ಒಪ್ಪಿದೆ. ಆದರೆ ಯಾವ ತುಂಡು ಎನ್ನುವುದು ನನ್ನ ಕೈಯಲ್ಲಿತ್ತು. ರಸ್ತೆ ಬದಿಯ ಮೂಲೆಯನ್ನು ಕೊಟ್ಟೆ. ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಅದೇ ಮೂಲೆಯಲ್ಲಿ ನಾನು ಬೋರು ಕೊರೆಸಿದ್ದೆ. ಬರೀ ಧೂಳು ಬಂದಿತ್ತು. ನನ್ನ ಕೈಯಾರೆ ಕೇಸಿಂಗ್ ಕಿತ್ತು, ಕಂಟಿ ತುರುಕಿ, ಕಲ್ಲು ಎಳೆದು ಮುಚ್ಚಿದ್ದೆ. ಅಕ್ಕ ಆಗ ಗಂಡನ ಜೊತೆ ಕಾರ್ಖಾನೆಯ ಹತ್ತಿರದ ಬಾಡಿಗೆ ಮನೆಯಲ್ಲಿದ್ದಳು. ಅವಳಿಗೆ ಗೊತ್ತಿರಲಿಲ್ಲ.

"ಅಲ್ಲೆ ನೀರು ಬೀಳತಾವೇನೋ ತಮ್ಮಾ?" ಎಂದು ಕೇಳಿದ್ದಳು.

"ಆ ಮೂಲಿಗೆ ಯಾರೂ ಕೈ ಹಚ್ಚಿಲ್ಲಕ್ಕ. ನಿನ್ನ ನಸೀಬಿನ ನೀರು ಇದ್ದೀತು," ಎಂದಿದ್ದೆ.

ಅವಳು ಖುಷಿಪಟ್ಟು ಅಲ್ಲಿಯೇ ಎರಡು ಕೋಣೆಯ ಮನೆ ಕಟ್ಟಿಕೊಂಡಳು. ಎಮ್ಮೆ ಕಟ್ಟಿದಳು. ಕೈಗೂಡಿದಾಗ ಒಂದು ಬೋರು ಹಾಕಿಸಬೇಕು ಎಂದು ವರ್ಷವರ್ಷವೂ ಹೇಳುತ್ತಿದ್ದಳು. ಪ್ರತಿಸಲವೂ ನಾನು, "ಹಾಕ್ಸಿದರಾತು ತಗೋ," ಎನ್ನುತ್ತಿದ್ದೆ.

ತಂಡದ ಜೊತೆ ಹೊಲಹೊಲ ತಿರುಗಿದ ದಿನಗಳಲ್ಲಿ ನನಗೆ ಮೊದಮೊದಲು ಬಹಳ ಸುಖವೆನಿಸಿತು. ಮೇಡಮ್ ನನ್ನನ್ನು ಜೀಪಿನ ಮುಂದಿನ ಸೀಟಿಗೆ ಕೂರಿಸುತ್ತಿದ್ದರು. ನಾನು ಕೈ ತೋರಿಸಿದಲ್ಲಿ ಗಾಡಿ ನಿಲ್ಲುತ್ತಿತ್ತು. ಆದರೆ ಹೊಲದವರು ಎದುರಾದರೆ ಮುಖ ಗಂಟಿಕ್ಕುತ್ತಿದ್ದರು. ಒಬ್ಬ ನನ್ನನ್ನು ಬದಿಗೆ ಕರೆದು, "ಏಯ್, ಮಗಳ ಮಾತುಕತಿ ನಡದಾವ. ನಮ್ಮ ಹೊಲದಾಗಿಂದು ಬಾಯಿ ಬಿಟ್ಟೀ ಅಂದ್ರ ನೋಡು," ಎಂದ. ಅವನ ಬೋರನ್ನು ತೋರಿಸದೆ ಬಿಟ್ಟೆ. ಇನ್ನೊಬ್ಬ ಅತ್ತಂತೆ ಮಾಡಿದ. ಅವನದನ್ನೂ ಬಿಟ್ಟೆ. ಹೀಗೆ ಎಷ್ಟು ಬಿಟ್ಟೆನೋ. ಬಿಟ್ಟಿದ್ದು ತಪ್ಪೆನ್ನುವುದು ಅಂದು ಅಷ್ಟು ನಾಟಲಿಲ್ಲ. ಅದು ನಮ್ಮ ಕೆಲಸದ ಧರ್ಮ ಎಂದುಕೊಂಡೆ.

ಮೇಡಮ್ ಹತ್ತಿರ ಒಂದು ಯಂತ್ರವಿತ್ತು. ಕೋಲಿನಂತೆ ಹಿಡಿದು ನೆಲದ ಮೇಲೆ ನಡೆದರೆ ಕೆಳಗೆ ಕಬ್ಬಿಣವಿದ್ದ ಕಡೆ ಕೂಗುತ್ತಿತ್ತು. ಕೇಸಿಂಗ್ ಇದ್ದ ಹಳೆಯ ಬೋರುಗಳನ್ನು ಅದು ನಾನು ತೋರಿಸುವ ಮೊದಲೇ ಹಿಡಿಯುತ್ತಿತ್ತು. ಅದನ್ನು ನೋಡಿ ನನಗೆ ಒಂದು ಹೊಲಸು ಧೈರ್ಯ ಬಂತು. ನಾನು ಕಿತ್ತ ಬೋರುಗಳಲ್ಲಿ ಕಬ್ಬಿಣವೇ ಇಲ್ಲವಲ್ಲ.

ಅಕ್ಕನ ಮನೆಗೆ ಹೋದ ದಿನ ಅವಳು ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಮೇಡಮ್ ಯಂತ್ರ ಹಿಡಿದು ಅಂಗಳ, ಹಿತ್ತಲು, ಎಮ್ಮೆ ಕಟ್ಟುವ ಜಾಗ ಎಲ್ಲ ತಿರುಗಿದರು. ಯಂತ್ರ ಕೂಗಲಿಲ್ಲ. ನನ್ನನ್ನು ಕೇಳಿದರು, "ಇಲ್ಲಿ ಯಾವತ್ತಾದರೂ ಬೋರ್ ಹಾಕಿಸಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಇಲ್ಲ್ರಿ ಬಾಯಾರ. ಈ ಮೂಲಿಗೆ ಯಾರೂ ಕೈನ ಹಚ್ಚಿಲ್ಲ. ನಮ್ಮ ತಮ್ಮನ ಹೇಳ್ಯಾನ," ಎಂದಳು.

ಮೇಡಮ್ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಮಜ್ಜಿಗೆಯ ಲೋಟ ಕೈಯಲ್ಲಿತ್ತು. ನನ್ನ ಸುಳ್ಳನ್ನು ನನ್ನ ಅಕ್ಕನೇ ನಿಜವೆಂದು ಹೇಳಿಬಿಟ್ಟಳು, ನಾನು ಮಜ್ಜಿಗೆಯ ಜೊತೆ ಅದನ್ನೂ ಕುಡಿದು ಮುಗಿಸಿದೆ.

ತಿರುಗಿ ಬರುವಾಗ ಜೀಪಿನಲ್ಲಿ ನಾನೇ ಕೇಳಿದೆ, "ಮೇಡಮ್, ಒಂದೆರಡು ಬೋರು ತಪ್ಪಿದ್ರ ಏನಾಕ್ಕತ್ರಿ? ಇಷ್ಟು ದೊಡ್ಡ ಸೀಮಿ ಐತಿ."

"ಗೊತ್ತಿರೋ ತೂತಿಗೆ ನಾನು ಹೆದರಲ್ಲ," ಎಂದರು ಅವರು. "ಸಿಮೆಂಟ್ ತುಂಬಿ ಮುಚ್ಚಬಹುದು, ಕಾವಲು ಇಡಬಹುದು. ಗೊತ್ತಿಲ್ಲದ್ದಕ್ಕೆ ಏನು ಮಾಡೋದು ಹೇಳಿ? ಈ ಗ್ಯಾಸ್ ಒಳಗೆ ಹಾಕಿದರೆ ನೂರಾರು ವರ್ಷ, ಸಾವಿರ ವರ್ಷ ಅಲ್ಲೇ ಇರಬೇಕು. ಅಲ್ಲೀವರೆಗೆ ಯಾವ ತೂತು ಎಲ್ಲಿತ್ತು ಅಂತ ಯಾರಾದರೂ ನೆನಪಿಡಬೇಕಲ್ವಾ? ಅದರಲ್ಲೂ ಕೇಸಿಂಗ್ ಕಿತ್ತದ್ದು ಇನ್ನೂ ಕೆಟ್ಟದ್ದು. ಮೇಲಿನ ಎರೆಮಣ್ಣು ಕುಸಿದು ಮುಚ್ಚಿದ ಹಾಗೆ ಕಾಣತ್ತೆ. ಕೆಳಗೆ ಬಂಡೆಯಲ್ಲಿ ತೆರೆದೇ ಇರತ್ತೆ. ಅದರ ಪಕ್ಕದಲ್ಲೇ ಮನೆ ಇದ್ದರೆ, ಆ ಮನೆಯ ಮಣ್ಣಿನ ಕೆಳಗೆ ಗ್ಯಾಸ್ ಬಂದು ನಿಂತರೆ, ಒಳಗಿದ್ದೋರಿಗೆ ಗೊತ್ತೇ ಆಗಲ್ಲ."

ಅವರು ಯಾವುದೋ ಮನೆಯ ಮಾತು ಹೇಳುತ್ತಿದ್ದರು. ನನಗೆ ಅಕ್ಕ ಹಾಸಿಕೊಳ್ಳುವ ಕೌದಿ ಕಣ್ಣಿಗೆ ಬಂತು. ಅಕ್ಕ ನೆಲದ ಮೇಲೆಯೇ ಮಲಗುತ್ತಾಳೆ. ಮಂಚ ಭಾವನಿಗೆ.

ಗ್ಯಾಸ್ ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ, ಇವರು ಬರೀ ನೋಡಲು ಬಂದವರು ಎಂದು ಎಷ್ಟು ಸಮಾಧಾನ ಮಾಡಿಕೊಂಡರೂ ಮನಸ್ಸು ಕೇಳಲಿಲ್ಲ. ತಂಡ ನಮ್ಮೂರಿನ ಕೆಲಸ ಮುಗಿಸಿ ಹೋಯಿತು. ನಾನು ಒಂದು ಉಪಾಯ ಮಾಡಿದೆ. ಅಕ್ಕನಿಗೆ ಗೊತ್ತಾಗದಂತೆ ತಂಡದವರಿಗೆ ಮಾತ್ರ ಹೇಳಿಬಿಡುವುದು. ಅವರು ತಮ್ಮ ನಕ್ಷೆಯಲ್ಲಿ ಒಂದು ಗುರುತು ಹಾಕಿಕೊಳ್ಳುತ್ತಾರೆ, ಕಾವಲು ಇಡುತ್ತಾರೆ, ಅಕ್ಕನ ಜೀವಕ್ಕೂ ಭಯವಿಲ್ಲ, ನನ್ನ ಮುಖಕ್ಕೂ ಭಯವಿಲ್ಲ. ಈ ಉಪಾಯ ಹೊಳೆದಾಗ ನಾನು ಬಹಳ ಶಾಣ್ಯಾ ಎಂದುಕೊಂಡಿದ್ದೆ.

ಯಲಬುರ್ಗಾದಲ್ಲಿ ಅವರು ಇಳಿದುಕೊಂಡಿದ್ದ ಮನೆಗೆ ಹೋದೆ. ಬೀಗ. ಎದುರಿನ ಚಹಾ ಅಂಗಡಿಯವನು, "ಅವ್ರು ಕುಷ್ಟಗಿಗೆ ಹೋಗ್ಯಾರ. ನಿನಗ ಪಗಾರ ಕೊಟ್ಟಿಲ್ಲೇನು?" ಎಂದ. ಬಸ್ಸು ಹತ್ತಿ ಕುಷ್ಟಗಿಗೆ ಹೋದೆ. ಅಲ್ಲಿ ಜೀಪಿನ ಡ್ರೈವರ್ ಮಾತ್ರ ಸಿಕ್ಕ. ಮೇಡಮ್ ಕೊಪ್ಪಳದ ಆಫೀಸಿನಲ್ಲಿದ್ದಾರೆ ಎಂದ. ಫೋನು ಮಾಡಿದರೆ ಅವರು ಎತ್ತಲಿಲ್ಲ. ಮರುದಿನ ಕೊಪ್ಪಳಕ್ಕೆ ಹೋದೆ. ಅಲ್ಲಿ ತಂಡದ ಹಿರಿಯ ಸಾಹೇಬರು ಸಿಕ್ಕರು. ನಿಲ್ಲಿಸಿಯೇ ಮಾತಾಡಿಸಿದರು.

"ನಿಮ್ಮೂರಿಂದು ಮುಗದೈತೆಲ್ಲ."

"ಒಂದು ಬಿಟ್ಟೈತ್ರಿ ಸಾಹೇಬ್ರ."

"ಯಾರ ಹೊಲ?"

ಹೇಳಿದೆ. ಅವರು ಕಂಪ್ಯೂಟರಿನಲ್ಲಿ ನೋಡಿದರು. "ಮಷೀನ್ ಏನೂ ತೋರಿಸಿಲ್ಲ. ಹೊಲದಾಕಿ ಇಲ್ಲ ಅಂದಾಳ. ನೀನೂ ಇಲ್ಲ ಅಂದೀ. ಈಗ ಐತಿ ಅಂತೀ. ನಾಳೆ ಬಂದು ಇಲ್ಲ ಅಂತೀಯೇನು?"

"ಮಷೀನಿಗೆ ಕಬ್ಬಿಣ ಬೇಕ್ರಿ. ಕಬ್ಬಿಣ ನಾನ ಕಿತ್ತೀನ್ರಿ."

"ಅಕ್ಕನ ಜೋಡಿ ಜಗಳ ಆಗೈತೇನು?" ಎಂದು ನಕ್ಕರು. "ಹೊಲದ ತಕರಾರು ಇಲ್ಲಿಗೆ ತರಬ್ಯಾಡ್ರಿ. ಇದು ಕೋರ್ಟ್ ಅಲ್ಲ."

ನನಗೆ ಎಂಥ ಸಿಟ್ಟು ಬಂತೆಂದರೆ ಅಲ್ಲಿದ್ದ ಖುರ್ಚಿ ಎತ್ತಿ ಒಗೆಯಬೇಕೆನಿಸಿತು. ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ಮುಂದಿನ ಸೀಟು ಕೊಟ್ಟಿದ್ದರು. ಖರೆ ಹೇಳಲು ಬಂದರೆ ಕೂಡಲಿಕ್ಕೂ ಹೇಳುವುದಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತೆ. ಮೇಡಮ್ ಮಧ್ಯಾಹ್ನ ಊಟಕ್ಕೆ ಹೊರಗೆ ಬಂದವರು ನನ್ನನ್ನು ನೋಡಿ ನಿಂತರು. ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಇನ್ನೂ ಎಷ್ಟು ಹೀಗೆ ಬಿಟ್ಟಿದ್ದೀರಿ?"

ನಾನು ನೆಲ ನೋಡಿದೆ.

"ಆಯ್ತು," ಎಂದರು. "ಮೊದಲು ಅಕ್ಕನ ಮನೆಯದು ನೋಡೋಣ. ಅಲ್ಲಿ ಅಗೀಬೇಕಾಗತ್ತೆ. ಅವರಿಗೆ ಹೇಳಿದ್ದೀರಲ್ವಾ?"

ನನ್ನ ಬಾಯಿ ಮತ್ತೆ ಹೂಂ ಎಂದಿತು.

ಅವರು ಬರುವ ದಿನದೊಳಗೆ ಅಕ್ಕನಿಗೆ ಹೇಳಬೇಕೆಂದು ಎರಡು ಸಲ ಅವಳ ಮನೆಗೆ ಹೋದೆ. ಒಮ್ಮೆ ಅವಳು ಎಮ್ಮೆ ಹಿಂಡುತ್ತಿದ್ದಳು. ಹಿಂಡುವಾಗ ಹೇಳಿದರೆ ಎಮ್ಮೆ ಹಾಲಿನ ಸೊರ ಬಿಡುವುದಿಲ್ಲ ಎಂದು ಸುಮ್ಮನಾದೆ. ಇನ್ನೊಮ್ಮೆ ಭಾವ ಬಂದಿದ್ದ. ಗಂಡನ ಮುಂದೆ ಯಾಕೆ ಎಂದು ಸುಮ್ಮನಾದೆ. ಇವೆರಡೂ ನೆವ ಎಂದು ಆಗಲೇ ನನಗೆ ಗೊತ್ತಿತ್ತು. ರೊಟ್ಟಿ ತಿಂದು ಬಂದೆ.

ಜೀಪು ಬಂದು ಅಕ್ಕನ ಅಂಗಳದಲ್ಲಿ ನಿಂತಿತು. ನಾನು ಹಿಂದಿನ ಸೀಟಿನಲ್ಲಿದ್ದೆ. ಮೇಡಮ್ ಇಳಿದು, "ಅಮ್ಮ, ನಿಮ್ಮ ತಮ್ಮ ಮುಚ್ಚಿದ ಬೋರು ಹುಡುಕೋಕೆ ಬಂದಿದೀವಿ. ಸ್ವಲ್ಪ ಅಗೀಬೇಕು, ಬೇಜಾರು ಮಾಡ್ಕೋಬೇಡಿ," ಎಂದರು.

ಅಕ್ಕ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೈ ನಿಂತಿತು. "ಯಾವ ಬೋರು?"

ಮೇಡಮ್ ನನ್ನ ಕಡೆ ನೋಡಿದರು. ಅವರಿಗೆ ತಿಳಿಯಿತು. ನಾನು ಜೀಪಿನಿಂದ ಇಳಿಯುವ ಹೊತ್ತಿಗೆ ಅಕ್ಕನಿಗೂ ತಿಳಿದಿತ್ತು.

"ಯಾವಾಗ ಹಾಕ್ಸಿದ್ದೋ?"

"ಪಾಲು ಮಾಡೂಕ ಮೊದಲ ಅಕ್ಕ."

"ಇವರಿಗೆ ಯಾವಾಗ ಹೇಳಿದಿ?"

"ಮೊನ್ನಿ. ಕೊಪ್ಪಳಕ್ಕ ಹೋಗಿದ್ನಿ."

"ಯಲಬುರ್ಗಾಕ್ಕ ಹೋದಿ, ಕುಷ್ಟಗಿಗೆ ಹೋದಿ ಅಂತ ನಿನ್ನ ಹೆಂಡ್ತಿ ಅಂದ್ಲು. ಯಾವುದೋ ಮೋಟರ್ ಕೆಲಸ ಅಂದ್ಕೊಂಡಿದ್ದೆ." ಅವಳ ದನಿ ಏರಲಿಲ್ಲ. "ಹೇಳಾಕ ಮೂರು ಊರು ತಿರುಗಾಕ ನಿನಗ ಕಾಲು ಇದ್ದುವು. ನಮ್ಮನಿಗೆ ಬಂದು ರೊಟ್ಟಿ ಉಂಡು ಹೋದೆಲ್ಲೋ ಮೂಳ. ಆವಾಗ ಬಾಯಾಗ ಏನು ರೊಟ್ಟಿ ತುಂಬಿತ್ತೇನು?"

ಬೋರು ಮುಚ್ಚಿಟ್ಟದ್ದಕ್ಕಿಂತ, ಅವಳಿಗೆ ಹೇಳಬೇಕಾದದ್ದನ್ನು ಪರರ ಬಾಯಿಂದ ಹೇಳಿಸಿದ್ದು ಅವಳಿಗೆ ಹೆಚ್ಚು ನಾಟಿತು. ನನಗೂ ಈಗ ಹೆಚ್ಚು ನಾಟುವುದು ಅದೇ.

ಮೇಡಮ್ ಮೆಲ್ಲಗೆ, "ಜಾಗ ತೋರಿಸಿ," ಎಂದರು.

ಇಲ್ಲಿ ನಾನು ಎಣಿಸದೇ ಇದ್ದದ್ದು ನಡೆಯಿತು. ನನಗೆ ಜಾಗ ಸಿಗಲಿಲ್ಲ.

ಬೇವಿನ ಗಿಡದ ನೇರಕ್ಕೆ, ಒಡ್ಡಿನಿಂದ ಈಚೆಗೆ ಎಂದು ನನ್ನ ನೆನಪಿನಲ್ಲಿ ಇತ್ತು. ಬೇವಿನ ಗಿಡವನ್ನು ಅಕ್ಕ ಚೌಕಟ್ಟು ಮಾಡಿಸಲು ಕಡಿಸಿದ್ದಳು. ಬೇರು ಸಹ ಒಲೆಗೆ ಹೋಗಿತ್ತು. ಒಡ್ಡನ್ನು ಬುನಾದಿ ತೆಗೆಯುವಾಗ ಟ್ರ್ಯಾಕ್ಟರಿನವನು ಸಮ ಮಾಡಿದ್ದ. ಅಂಗಳಕ್ಕೆ ಗರಸು ಹಾಕಿ ಏರಿಸಿದ್ದರು. ನಾನು ಒಂದು ಕಡೆ ನಿಂತು ಇಲ್ಲೇ ಎಂದೆ. ಡ್ರೈವರೂ ನಾನೂ ಅಗೆದೆವು. ಎರೆಮಣ್ಣು, ಆಮೇಲೆ ಮತ್ತೆ ಎರೆಮಣ್ಣು. ಇನ್ನೊಂದು ಕಡೆ ತೋರಿಸಿದೆ. ಅಲ್ಲಿಯೂ ಇಲ್ಲ. ಊರೂರಿನ ಬೋರುಗಳನ್ನು ಕಣ್ಣುಮುಚ್ಚಿ ತೋರಿಸುತ್ತೇನೆ ಎಂದು ಮೆರೆದವನು ನನ್ನ ಕೈಯಾರೆ ಮುಚ್ಚಿದ್ದನ್ನು ಕಾಣದೆ ಅಂಗಳದಲ್ಲಿ ಗಾಣದ ಎತ್ತಿನಂತೆ ಸುತ್ತಿದೆ.

"ಮೇಲೆ ಏನು ಮುಚ್ಚಿದ್ರಿ?" ಎಂದು ಮೇಡಮ್ ಕೇಳಿದರು.

"ಒಂದು ಹಾಸುಗಲ್ಲು ರೀ. ಒಂದು ಮೂಲಿ ಮುಕ್ಕಾಗಿತ್ತು."

ಅಕ್ಕ ಹಿತ್ತಲಿಗೆ ನಡೆದಳು. ನಾವು ಹಿಂದೆ ಹೋದೆವು. ಅವಳು ಬಟ್ಟೆ ಒಗೆಯುವ ಕಲ್ಲನ್ನು ಕಾಲಿನಿಂದ ತೋರಿಸಿದಳು. ಒಂದು ಮೂಲೆ ಮುಕ್ಕಾಗಿತ್ತು. ಸಾಬೂನಿನ ನೀರು ಹರಿದು ಹರಿದು ಕಲ್ಲು ನುಣ್ಣಗಾಗಿತ್ತು.

"ಮನಿ ಕಟ್ಟೂಮುಂದ ಗೌಂಡಿ ಇದನ್ನ ಎತ್ತಿ ತಂದು ಇಲ್ಲೆ ಹಾಸಿದ. ಛಲೋ ಕಲ್ಲು ಸಿಕ್ಕೈತಿ ನೋಡಬೇ, ಅಂದ. ನಾ ಅವಂಗ ಪಾಯಸ ಮಾಡಿ ಉಣಿಸಿದ್ನಿ."

"ಎಲ್ಲಿ ಸಿಕ್ತಂತ ಅಂದಿದ್ದ?" ಎಂದು ಕೇಳಿದೆ.

"ಎಲ್ಲೋ ಇಲ್ಲೇ ಅಂದಿದ್ದ. ಕಲ್ಲು ಎಲ್ಲಿ ಹುಟ್ಟಿತು ಅಂತ ನಾ ಯಾಕ ಕೇಳ್ಲಿ?"

ಗೌಂಡಿ ಈಗ ಗೋವಾದಲ್ಲಿ ದುಡಿಯುತ್ತಾನೆ. ಫೋನು ಹಚ್ಚಿದೆ. ಹಿಂದೆ ಮಷೀನಿನ ಸದ್ದು. "ಯಾವ ಕಲ್ಲೋ ಮಾರಾಯ? ನಾ ಎಷ್ಟು ಮನಿ ಕಟ್ಟೀನಿ! ಒಂದು ಕಲ್ಲಿನ ಸಲುವಾಗಿ ಫೋನ್ ಮಾಡೀಯೇನು, ಕುಡದೀಯೇನು?" ಎಂದು ಇಟ್ಟುಬಿಟ್ಟ.

ಕಲ್ಲು ತೆಗೆದ ಮೇಲೆ ಕಂಟಿ ಕೊಳೆತು, ಮಣ್ಣು ಇಳಿದು, ಮಳೆಗೆ ಎರೆ ಉಬ್ಬಿ, ಬೇಸಿಗೆಗೆ ಬಿರಿದು, ಮತ್ತೆ ಉಬ್ಬಿ, ಬಾಯಿ ಎಲ್ಲಿತ್ತೆಂದು ನೆಲಕ್ಕೇ ಮರೆತುಹೋಗಿತ್ತು. ಅಂಗಳದಲ್ಲಿ ಇರಬಹುದು. ಎಮ್ಮೆ ಕಟ್ಟುವಲ್ಲಿ ಇರಬಹುದು. ಅಡುಗೆ ಮನೆಯ ಒಲೆಯ ಕೆಳಗೂ ಇರಬಹುದು ಎಂದು ಮೇಡಮ್ ಹೇಳಿದಾಗ ಅಕ್ಕ ಮನೆಯ ಒಳಗೆ ಹೋಗಿ, ನೆಲವನ್ನು ಒಮ್ಮೆ ನೋಡಿ, ಹೊರಗೆ ಬಂದಳು.

"ಹಂಗಾರ ಈಗ ಏನು ಬರಕೊಂತೀರಿ ಬಾಯಾರ?"

"ಈ ಇಡೀ ಜಾಗವನ್ನ ಅನುಮಾನದ ಜಾಗ ಅಂತ ಗುರುತು ಮಾಡ್ತೀವಿ ಅಮ್ಮ. ಒಂದು ಚುಕ್ಕೆ ಇಡೋ ಬದಲು ಪೂರ್ತಿ ಬಣ್ಣ ತುಂಬ್ತೀವಿ. ಹತ್ತು ಹನ್ನೆರಡು ವರ್ಷದ ಹಿಂದಿನ ಬೋರು ಮುಚ್ಚಿದವರಿಗೇ ಸಿಗಲಿಲ್ಲ ಅನ್ನೋದನ್ನೂ ಬರೀತೀನಿ. ಅದು ನಮ್ಮ ಲೆಕ್ಕಕ್ಕೆ ತುಂಬಾ ಮುಖ್ಯ."

"ನನ್ನ ಹೊಲದ ಮ್ಯಾಲ ಅನುಮಾನ ಅಂತ ಬರೀತೀರಿ. ಮುಚ್ಚಿದವನ ಮ್ಯಾಲ ಏನು ಬರೀತೀರಿ?"

ಮೇಡಮ್ ಹೋಗುವ ಮೊದಲು, ಇಲ್ಲಿ ಗ್ಯಾಸ್ ತುಂಬುವುದು ಆಗುತ್ತದೋ ಇಲ್ಲವೋ ತಮಗೆ ಗೊತ್ತಿಲ್ಲ, ಬಂಡೆ ಒಗ್ಗದೆಯೂ ಇರಬಹುದು, ಆದರೆ ಆ ಬೋರಿನ ಮೇಲಿನ ನೆಲ ಕುಸಿಯುವ ಭಯ ಇವತ್ತೂ ಇದೆ, ಹುಡುಕಿ ಮುಚ್ಚಿಸುವುದು ಒಳ್ಳೆಯದು ಎಂದು ಹೇಳಿದರು. ಅಕ್ಕ ಹೂಂ ಎಂದಳು. ಜೀಪು ಹೋಯಿತು. ನಾನು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದೆ. ಅಕ್ಕ ಸಲಿಕೆಯನ್ನು ತಂದು ನನ್ನ ಮುಂದೆ ಒಗೆದಳು.

ಅಂದಿನಿಂದ ಮೋಟರು ಕೆಲಸವಿಲ್ಲದ ದಿನವೆಲ್ಲ ಅಕ್ಕನ ಅಂಗಳ ಅಗೆಯುತ್ತಿದ್ದೇನೆ. ಒಂದು ತುದಿಯಿಂದ ಉದ್ದಕ್ಕೆ ಕಾಲುವೆ ತೆಗೆಯುತ್ತೇನೆ. ಏನೂ ಸಿಗದಿದ್ದರೆ ಮುಚ್ಚಿ ಪಕ್ಕದಲ್ಲಿ ಇನ್ನೊಂದು. ಅಕ್ಕ ಚಹಾ ಕೊಡುತ್ತಾಳೆ, ಮಾತು ಕೊಡುವುದಿಲ್ಲ. ಲೋಟವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾಳೆ. ಸಿಟ್ಟು ಬರುತ್ತದೆ. ಅವಳ ಮೇಲೆ ಬರುತ್ತದೆ, ಸಾಹೇಬರ ಮೇಲೆ ಬರುತ್ತದೆ, ಗೌಂಡಿಯ ಮೇಲೆ ಬರುತ್ತದೆ. ಎಲ್ಲರನ್ನೂ ಬೈದು ಮುಗಿದ ಮೇಲೆ ಸಲಿಕೆ ಹಿಡಿದ ಕೈಗಳು ಉಳಿಯುತ್ತವೆ.

ಮೊನ್ನೆ ಡೈರಿಗೆ ಹಾಲು ಒಯ್ಯುವವನು ಕ್ಯಾನು ಕಟ್ಟಿದ ಬೈಕು ನಿಲ್ಲಿಸಿ ನನ್ನ ಗುಂಡಿಯೊಳಗೆ ಇಣುಕಿದ. ಅವನಿಗೆ ಒಂದು ಮಾತು ಗೊತ್ತಾದರೆ ಸುತ್ತಲಿನ ಊರಿಗೆಲ್ಲ ಹಾಲಿನ ಜೊತೆಗೇ ಹೋಗುತ್ತದೆ.

"ಏನ್ಲೇ ಮಾವ, ನಿಧಿ ಸಿಕ್ಕೈತೇನು? ನನಗೂ ಅರ್ಧ ಕೊಡು."

"ಇಲ್ಲೋ ಮಾರಾಯ, ತಿಪ್ಪಿ ಗುಂಡಿ," ಎಂದೆ.

ಯೋಚಿಸಿ ಆಡಿದ್ದಲ್ಲ. ಇಷ್ಟೆಲ್ಲ ಆದ ಮೇಲೂ, ಸೊಂಟದ ತನಕ ಅದೇ ಗುಂಡಿಯಲ್ಲಿ ನಿಂತುಕೊಂಡು, ಬಾಯಿ ತಾನಾಗಿ ಆಡಿತು.

ಅಕ್ಕ ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕ್ಯಾನಿಗೆ ಹಾಲು ಸುರಿದಳು. ಆಮೇಲೆ ರಸ್ತೆಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳಿದಳು:

"ತಿಪ್ಪಿ ಗುಂಡಿ ಅಲ್ಲೋ. ನನ್ನ ಹೊಲದಾಗ ಫೇಲ್ ಬೋರು ಐತಿ. ಇಂವನ ಹಾಕ್ಸಿದ್ದು, ಇಂವನ ಮುಚ್ಚಿದ್ದು. ಈಗ ಇಂವಗ ಸಿಗವಲ್ದು. ಹೋಗು, ಎಲ್ಲರಿಗೂ ಹೇಳು. ಇಂವ ಕೇಸಿಂಗ್ ಕಿತ್ತ ಹೊಲದವರು ಎಷ್ಟು ಮಂದಿ ಅದಾರ, ಅವರಿಗೆ ಮೊದಲ ಹೇಳು."

ಹಾಲಿನವನು ನಗುವುದನ್ನು ನಿಲ್ಲಿಸಿದ. ಅವನ ಅಪ್ಪನ ಹೊಲದಲ್ಲಿ ನಾನು ಎರಡು ಕಿತ್ತಿದ್ದೇನೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಈ ಸಲ ಅವನೇ ಕಣ್ಣು ತಪ್ಪಿಸಿ, ಬೈಕಿಗೆ ಕಿಕ್ ಹೊಡೆದು ಹೋದ.

ಅಕ್ಕ ತಂಬಿಗೆ ಬೋರಲು ಹಾಕಿ, ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತಳು. ಬಹಳ ದಿನಗಳ ಮೇಲೆ ನನ್ನೊಡನೆ ಮಾತಾಡಿದಳು.

"ಅವರಪ್ಪನ ಹೊಲದಾಗಿಂದು ಎಲ್ಲಿ ಅದಾವು ಅಂತ ನೆನಪೈತೇನು?"

ನಾನು ಯೋಚಿಸಿದೆ. ಒಂದು ನೆನಪಿತ್ತು. ಇನ್ನೊಂದರ ಹತ್ತಿರ ಒಂದು ಹುಣಸೆ ಗಿಡವಿತ್ತು, ಅದು ಈಗಲೂ ಇದೆಯೋ ಇಲ್ಲವೋ.

"ಒಂದು ಐತಿ. ಇನ್ನೊಂದು ಗೊತ್ತಿಲ್ಲಕ್ಕ," ಎಂದೆ.

"ಹಂಗಾರ ನೆನಪಿದ್ದದ್ದು ನಾಳೆ ಹೋಗಿ ಬಾಯಾರಿಗೆ ತೋರಿಸಿ ಬಾ. ಹೊಲದವರು ಬಡದರ ಬಡಸ್ಕೊಂಡು ಬಾ," ಎಂದು ಎದ್ದು ಒಳಗೆ ಹೋದಳು. ನಾನು ಮತ್ತೆ ಅಗೆಯತೊಡಗಿದೆ.